ಸಿಡಿಲಿನ ಪ್ರವಾಹಕ್ಕೆ ತಂತಿ ಏಕೆ ತುಂಡಾಗುತ್ತದೆ?

ಕೊಡಗಿನ ಕಾಫಿ ಬೆಳೆಗಾರರು ಮಾರ್ಚ್ ಕೊನೆಯಿಂದಲೇ ಹೂಮಳೆಗಾಗಿ ಆಕಾಶ ನೋಡುತ್ತಿರುತ್ತಾರೆ. ಮಧ್ಯಾಹ್ನದ ಸೆಖೆ ಏರಿ, ಸಂಜೆಯ ಹೊತ್ತಿಗೆ ಮೋಡ ಕವಿದು ಬರುವ ಆ ಮಳೆಯ ಜೊತೆಗೆ ಗುಡುಗು ಸಿಡಿಲುಗಳೂ ಬರುತ್ತವೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ, ಸೋಮವಾರಪೇಟೆ ಕಡೆಯ ನನ್ನ ಸೋದರಮಾವನ ತೋಟದಲ್ಲಿ ಸಿಲ್ವರ್ ಓಕ್ ಮರವೊಂದಕ್ಕೆ ಸಿಡಿಲು ಬಡಿಯಿತು. ಮರದ ತೊಗಟೆ ಮೇಲಿನಿಂದ ಬುಡದವರೆಗೆ ಸೀಳಿಹೋಗಿತ್ತು. ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು, ಆ ಮರದಿಂದ ತೋಟದ ಕೆಲಸದವರ ಲೈನ್ ಮನೆಯ ಮುಂದಿನ ಕಬ್ಬಿಣದ ಪೈಪಿಗೆ ಬಟ್ಟೆ ಒಣಹಾಕಲೆಂದು ಕಟ್ಟಿದ್ದ ಅಲ್ಯೂಮಿನಿಯಂ ತಂತಿ. ಹಳೆಯ ವಿದ್ಯುತ್ ಲೈನಿನಿಂದ ಬಿಚ್ಚಿ ತಂದ ಒಂಟಿ ಎಳೆ ಅದು. ಬೆಳಿಗ್ಗೆ ನೋಡಿದರೆ ಗೇಣುದ್ದ, ಮೊಳದುದ್ದದ ಹಲವು ತುಂಡುಗಳಾಗಿ ಅಂಗಳದಲ್ಲಿ ಬಿದ್ದಿತ್ತು. ಲೈನ್ ಸರಿಪಡಿಸಲು ಬಂದಿದ್ದವರೊಬ್ಬರು "ಸಿಡಿಲಿನ ಕಾವಿಗೆ ಕರಗಿ ಹೋಗಿದೆ" ಎಂದರು. ಮಾವ ಎರಡು ತುಂಡುಗಳನ್ನು ಕೈಗೆತ್ತಿಕೊಂಡು ನೋಡಿ, "ಕರಗಿದ್ದರೆ ತುದಿಯಲ್ಲಿ ಗುಂಡು ಕಟ್ಟಬೇಕಿತ್ತಲ್ಲ, ಇದು ಒಣಕಡ್ಡಿ ಮುರಿದ ಹಾಗಿದೆ" ಎಂದರು.

ಮಾವನ ಮಾತು ಸರಿಯಾಗಿತ್ತು. ಬಹಳಷ್ಟು ತುಂಡುಗಳ ತುದಿಗಳಲ್ಲಿ ಕರಗಿದ ಗುರುತೇ ಇರಲಿಲ್ಲ. ಬಲವಾದ ವಿದ್ಯುತ್ ಪಲ್ಸ್ (ಕ್ಷಣಮಾತ್ರದ ಪ್ರವಾಹ) ಹರಿದ ತಂತಿಯೊಂದು ಕರಗದೆಯೇ ತುಂಡುತುಂಡಾಗುವುದು ಭೌತವಿಜ್ಞಾನಿಗಳು ದಶಕಗಳ ಕಾಲ ವಾದಿಸಿದ ವಿಷಯ. ಅದನ್ನು ಕೊಡಗಿನಲ್ಲಿ ಕುಳಿತು ಚರ್ಚಿಸಲು ಕಾರಣವೂ ಇದೆ. ಇಲ್ಲಿ ಕರೆಂಟ್ ಹೋದಾಗಲೆಲ್ಲ, ಲೈನ್ ತುಂಡಾಗಿ ರಸ್ತೆಗೆ ಬಿದ್ದಾಗಲೆಲ್ಲ, ಆನೆ ತಡೆಯುವ ಬೇಲಿಯ ತಂತಿ ತುಂಡಾದಾಗಲೆಲ್ಲ "ಗಾಳಿಮಳೆ ಸಿಡಿಲಿಗೆ" ಎಂಬ ಒಂದೇ ಮಾತಿನಲ್ಲಿ ಕಾರಣ ಮುಗಿದುಹೋಗುತ್ತದೆ. ತಂತಿ ತುಂಡಾಗುವ ಬಗೆಗಳು ಹಲವು, ಒಂದೊಂದಕ್ಕೂ ಪರಿಹಾರ ಬೇರೆ. ಯಾವ ಬಗೆಯೆಂದು ತಿಳಿಯದೆ ಖರ್ಚು ಮಾಡಿದ ಹಣ ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ನೆಲಕ್ಕೆ ಬೀಳುತ್ತದೆ.

ಕಾವಿನ ಲೆಕ್ಕ

ಮೊದಲು ಎಲ್ಲರಿಗೂ ಗೊತ್ತಿರುವ ಬಗೆಯನ್ನೇ ನೋಡೋಣ. ತಂತಿಯಲ್ಲಿ ಪ್ರವಾಹ ಹರಿದಾಗ ಅದರ ರೋಧದಿಂದಾಗಿ ಕಾವು ಹುಟ್ಟುತ್ತದೆ. ಪ್ರವಾಹ ನಿಧಾನವಾಗಿ ಹೆಚ್ಚಾದರೆ ಹುಟ್ಟಿದ ಕಾವಿನ ಒಂದು ಭಾಗ ಗಾಳಿಗೆ, ಮತ್ತೊಂದು ಭಾಗ ತಂತಿಯನ್ನು ಬಿಗಿದ ಸ್ಕ್ರೂಗಳಿಗೆ ಹೋಗುತ್ತದೆ. ಮನೆಯ ಫ್ಯೂಸ್ ಕೆಲಸ ಮಾಡುವುದು ಈ ಲೆಕ್ಕದ ಮೇಲೆ. ಬ್ರಿಟನ್ನಿನ ಟೆಲಿಗ್ರಾಫ್ ಎಂಜಿನಿಯರ್ ವಿಲಿಯಂ ಪ್ರೀಸ್ 1880ರ ದಶಕದಲ್ಲಿ ಕಂಡುಕೊಂಡ ನಿಯಮದಂತೆ, ತಾಮ್ರದ ತಂತಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರದೇ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 80ರಿಂದ ಗುಣಿಸಿದರೆ ಅದು ಕರಗುವ ಪ್ರವಾಹ ಆಂಪಿಯರ್‌ಗಳಲ್ಲಿ ಸಿಗುತ್ತದೆ. 0.2 ಮಿ.ಮೀ. ಎಳೆ ಸುಮಾರು 7 ಆಂಪಿಯರ್‌ಗೆ, ಅರ್ಧ ಮಿಲಿಮೀಟರಿನದು 28 ಆಂಪಿಯರ್‌ಗೆ, 1 ಮಿಲಿಮೀಟರಿನದು 80 ಆಂಪಿಯರ್‌ಗೆ ಕರಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವ ಅಭ್ಯಾಸ ನಮ್ಮ ತೋಟದ ಮನೆಗಳಲ್ಲಿಯೂ, ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬಗಳಲ್ಲಿಯೂ ಇನ್ನೂ ಉಳಿದಿದೆ. ಫ್ಯೂಸ್ ಕರಗದಿದ್ದರೆ ಅದರ ಬದಲು ಕರಗುವುದು ಪಂಪಿನ ಮೋಟಾರಿನೊಳಗಿನ ಸುರುಳಿ ಎಂಬುದನ್ನು ಈ ಸಣ್ಣ ಲೆಕ್ಕವೇ ತೋರಿಸುತ್ತದೆ.

ಸಿಡಿಲಿಗೆ ಪ್ರೀಸ್ ನಿಯಮ ಹೊಂದುವುದಿಲ್ಲ. ಸಿಡಿಲಿನ ಒಂದು ಹೊಡೆತದ ಮುಖ್ಯ ಭಾಗ ಮುಗಿಯುವುದಕ್ಕೆ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಸಾಕು. ಅಷ್ಟರೊಳಗೆ ಕಾವು ತಂತಿಯಿಂದ ಹೊರಗೆ ಹೋಗಲಾರದು. ಹುಟ್ಟಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಬೇಕಾದ ಅಳತೆ, ಪ್ರವಾಹದ ವರ್ಗವನ್ನು ಅದು ಹರಿದ ಕಾಲದಿಂದ ಗುಣಿಸಿ ಕೂಡಿಸಿದ ಮೊತ್ತ. ಎಂಜಿನಿಯರ್‌ಗಳು ಇದನ್ನು ಐ ಸ್ಕ್ವೇರ್ ಟಿ ಎಂದು ಕರೆಯುತ್ತಾರೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರವನ್ನು ಕರಗುವ ಹಂತಕ್ಕೆ, ಅಂದರೆ 1,085 ಡಿಗ್ರಿಗೆ ಒಯ್ಯಲು ಈ ಮೊತ್ತ ಸುಮಾರು 80,000 ಇರಬೇಕು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುವುದರಿಂದ ಅದಕ್ಕೆ ಸುಮಾರು 27,000 ಸಾಕು. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾದರೆ ಬೇಕಾಗುವ ಮೊತ್ತ ನಾಲ್ಕು ಪಟ್ಟಾಗುತ್ತದೆ.

ಇನ್ನು ಸಿಡಿಲಿನ ಕಡೆಯ ಅಂಕಿ. ಸ್ವಿಟ್ಜರ್ಲೆಂಡಿನ ಲುಗಾನೊ ಬಳಿಯ ಮೊಂಟೆ ಸಾನ್ ಸಾಲ್ವತೋರೆ ಬೆಟ್ಟದ ಗೋಪುರಗಳ ಮೇಲೆ ಕಾರ್ಲ್ ಬೆರ್ಗರ್ ದಶಕಗಳ ಕಾಲ ಸಿಡಿಲಿನ ಪ್ರವಾಹವನ್ನು ಅಳೆದರು. 1975ರಲ್ಲಿ ಪ್ರಕಟವಾದ ಆ ಅಂಕಿಗಳನ್ನು ಇಂದಿಗೂ ಎಂಜಿನಿಯರ್‌ಗಳು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಮೋಡದಿಂದ ನೆಲಕ್ಕೆ ಬರುವ ಸಾಮಾನ್ಯ ಸಿಡಿಲಿನ ಮೊದಲ ಹೊಡೆತದ ಗರಿಷ್ಠ ಪ್ರವಾಹ, ನಡುಮಟ್ಟದ ಲೆಕ್ಕದಲ್ಲಿ (ಅಂದರೆ ಅರ್ಧದಷ್ಟು ಹೊಡೆತಗಳು ಇದಕ್ಕಿಂತ ಮೇಲೆ, ಉಳಿದರ್ಧ ಕೆಳಗೆ), 30,000 ಆಂಪಿಯರ್. ನೂರರಲ್ಲಿ ಐದು ಹೊಡೆತಗಳು 80,000 ಆಂಪಿಯರ್ ದಾಟುತ್ತವೆ. ಐ ಸ್ಕ್ವೇರ್ ಟಿ ಮೊತ್ತ ನಡುಮಟ್ಟದ ಹೊಡೆತಕ್ಕೆ 55,000, ನೂರರಲ್ಲಿ ಐದರ ಮಟ್ಟಕ್ಕೆ 5.5 ಲಕ್ಷ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಹಲವು ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಮನೆಯ ಲೈಟಿಗೆ ಎಳೆಯುವ 1 ಚದರ ಮಿಲಿಮೀಟರಿನ ತಾಮ್ರದ ತಂತಿ ನಡುಮಟ್ಟದ ಸಿಡಿಲಿನಲ್ಲಿ ಕರಗಲು ಬೇಕಾದ ಮೊತ್ತದ ಸುಮಾರು ಮೂರನೆಯ ಎರಡು ಭಾಗವನ್ನು ಮುಟ್ಟುತ್ತದೆ. ಪ್ಲಗ್ಗಿಗೆ ಎಳೆಯುವ 2.5 ಚದರ ಮಿಲಿಮೀಟರಿನದು ದೊಡ್ಡ ಹೊಡೆತವೊಂದಕ್ಕೆ ಕರಗುತ್ತದೆ. ಕಟ್ಟಡದ ಸಿಡಿಲು ನಿರೋಧಕಕ್ಕೆ 50 ಚದರ ಮಿಲಿಮೀಟರಿನ ತಾಮ್ರ ಬೇಕೆಂದು ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅಷ್ಟು ದಪ್ಪದ ತಂತಿ ಕರಗಲು ಬೇಕಾದ ಮೊತ್ತ ಸುಮಾರು 20 ಕೋಟಿ. ಮಾನದಂಡ ಲೆಕ್ಕಕ್ಕೆ ತೆಗೆದುಕೊಳ್ಳುವ ಅತಿ ದೊಡ್ಡ ಸಿಡಿಲಿನ ಮೊತ್ತ 1 ಕೋಟಿ. ಅಷ್ಟೊಂದು ಅಂತರ ಇಟ್ಟುಕೊಂಡದ್ದು ಕರಗುವ ಭಯಕ್ಕಲ್ಲ. ಮಳೆಗೆ ಸವೆದು, ಗಾಳಿಗೆ ಅಲುಗಿ, ಕೀಲುಗಳು ಸಡಿಲಗೊಂಡ ಮೇಲೂ ಆ ತಂತಿ ಹಲವು ವರ್ಷ ನಿಲ್ಲಬೇಕೆಂಬ ಕಾರಣಕ್ಕೆ.

ಮಾವನ ಬಟ್ಟೆ ತಂತಿಯ ಲೆಕ್ಕ ಇದಕ್ಕಿಂತ ಕುತೂಹಲದ್ದು. ಇಲ್ಲಿನ ಲೈನುಗಳಲ್ಲಿ ಲೈನ್‌ಮ್ಯಾನ್‌ಗಳು ವೀಸೆಲ್ ಎಂದು ಕರೆಯುವ ತಂತಿಯಲ್ಲಿ ನಡುವೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಂ ಎಳೆಗಳು ಇರುತ್ತವೆ; ಪ್ರತಿ ಎಳೆಯ ವ್ಯಾಸ 2.59 ಮಿ.ಮೀ. ಅಂಥ ಒಂದು ಅಲ್ಯೂಮಿನಿಯಂ ಎಳೆಯನ್ನು ಕರಗುವ ಹಂತಕ್ಕೆ ಒಯ್ಯಲು ಸುಮಾರು 7.5 ಲಕ್ಷ ಬೇಕು. ನಡುಮಟ್ಟದ ಸಿಡಿಲು ಪೂರ್ತಿಯಾಗಿ ಅದರ ಮೂಲಕವೇ ಹರಿದರೂ ಅದರ ಉಷ್ಣಾಂಶ ಇಪ್ಪತ್ತು, ಇಪ್ಪತ್ತೈದು ಡಿಗ್ರಿಯಷ್ಟು ಮಾತ್ರ ಏರುತ್ತದೆ. 5.5 ಲಕ್ಷದ ದೊಡ್ಡ ಹೊಡೆತವಾದರೆ 400 ಡಿಗ್ರಿ ಆಸುಪಾಸಿಗೆ ಬರುತ್ತದೆ. ಅಲ್ಯೂಮಿನಿಯಂ ಅಲ್ಲಿ ಕರಗುವುದಿಲ್ಲ, ಆದರೆ ತನ್ನ ಗಟ್ಟಿತನದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಕರಗದೆ ತುಂಡಾದ ತಂತಿಯ ಕಥೆ ಶುರುವಾಗುವುದು ಇಲ್ಲಿಂದ.

ಕರಗದೆ ಮುರಿಯುವುದು

ಪಲ್ಸ್ ಹರಿದ ತಂತಿಯ ವಿಚಿತ್ರ ನಡತೆಯನ್ನು ಗಮನಿಸಿದವರಲ್ಲಿ ಲಂಡನ್ನಿನ ಉಪಕರಣ ತಯಾರಕ ಎಡ್ವರ್ಡ್ ನೇರ್ನ್ ಮೊದಲಿಗರು. ಲೇಡನ್ ಜಾಡಿಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ತಂತಿಯ ಮೂಲಕ ಹರಿಸಿದಾಗ ಅದು ಕರಗದಿದ್ದರೂ ಮೊದಲಿಗಿಂತ ಗಿಡ್ಡವಾಗುತ್ತದೆ ಎಂದು ಅವರು 1780ರಲ್ಲಿ ರಾಯಲ್ ಸೊಸೈಟಿಗೆ ವರದಿ ಮಾಡಿದರು. ವಿದ್ಯುತ್ತು ತಂತಿಯನ್ನು ಕಾಯಿಸುವುದರ ಜೊತೆಗೆ ಅದನ್ನು ಎಳೆದಾಡುತ್ತದೆ, ಒತ್ತುತ್ತದೆ ಎಂಬುದರ ಮೊದಲ ಸುಳಿವು ಅದು. ಅದಾದ ಬಹಳ ಕಾಲದ ಮೇಲೆ, 1960ರ ದಶಕದ ಆರಂಭದಲ್ಲಿ, ಪೋಲೆಂಡಿನ ಯಾನ್ ನಶಿವೊವ್ಸ್ಕಿ ಭಾರಿ ಪ್ರವಾಹದಲ್ಲಿ ತಂತಿಗಳು ಅನೇಕ ತುಂಡುಗಳಾಗಿ ಒಡೆಯುವುದನ್ನು ವಿವರವಾಗಿ ದಾಖಲಿಸಿದರು. 1980ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಗ್ರಾನೊ ಅಲ್ಯೂಮಿನಿಯಂ ತಂತಿಗಳ ಮೇಲೆ ಸಾವಿರಾರು ಆಂಪಿಯರ್‌ಗಳ ಪಲ್ಸ್ ಹರಿಸಿ, ತುಂಡುಗಳ ತುದಿಗಳಲ್ಲಿ ಕರಗುವಿಕೆ ಕಾಣದಿದ್ದುದನ್ನು ಮುಂದಿಟ್ಟು ದೊಡ್ಡ ವಾದವನ್ನೇ ಎಬ್ಬಿಸಿದರು.

ಗ್ರಾನೊ ಅವರ ವಾದ ಹೀಗಿತ್ತು. ಫ್ರಾನ್ಸಿನ ವಿಜ್ಞಾನಿ ಆಂಪಿಯರ್ 1820ರ ದಶಕದಲ್ಲಿ ಬರೆದ ಮೂಲ ಸೂತ್ರದ ಪ್ರಕಾರ ಒಂದೇ ಗೆರೆಯಲ್ಲಿ ಒಂದರ ಹಿಂದೊಂದು ಇರುವ ಪ್ರವಾಹದ ತುಣುಕುಗಳು ಪರಸ್ಪರ ದೂಡುತ್ತವೆ. ಹಾಗಾದರೆ ತಂತಿಯ ಉದ್ದಕ್ಕೂ ಒಂದು ಎಳೆತ ಹುಟ್ಟಿ ಅದು ತಂತಿಯನ್ನು ಹರಿಯಬೇಕು. ಇಂದಿನ ಪಠ್ಯಪುಸ್ತಕಗಳಲ್ಲಿರುವ ಲೊರೆಂಟ್ಜ್ ಬಲದ ಸೂತ್ರದಲ್ಲಿ ಅಂಥ ಉದ್ದುದ್ದದ ಬಲ ಇಲ್ಲ. ಅಲ್ಲಿ ಬಲ ಯಾವಾಗಲೂ ಪ್ರವಾಹಕ್ಕೆ ಅಡ್ಡವಾಗಿಯೇ ಇರುತ್ತದೆ. ತಂತಿ ತುಂಡಾಗಿರುವುದೇ ಹಳೆಯ ಸೂತ್ರ ಸರಿ ಎಂಬುದಕ್ಕೆ ಸಾಕ್ಷಿ ಎಂದು ಗ್ರಾನೊ ಹೇಳಿದರು. ಪೂರ್ತಿ ಮುಚ್ಚಿದ ಸರ್ಕ್ಯೂಟೊಂದು ಇನ್ನೊಂದರ ಮೇಲೆ ಹಾಕುವ ಬಲವನ್ನು ಲೆಕ್ಕ ಹಾಕಿದರೆ ಎರಡೂ ಸೂತ್ರಗಳು ಒಂದೇ ಉತ್ತರ ಕೊಡುತ್ತವೆ. ಆದ್ದರಿಂದ ಈ ಜಗಳವನ್ನು ಸುಲಭವಾದ ಪ್ರಯೋಗದಿಂದ ಬಗೆಹರಿಸಲು ಆಗಲಿಲ್ಲ, ವಾದ ವರ್ಷಗಟ್ಟಲೆ ಎಳೆಯಿತು.

ನನ್ನ ತಿಳಿವಳಿಕೆಯಲ್ಲಿ, ತಂತಿ ಮುರಿಯುವುದನ್ನು ವಿವರಿಸಲು ವಿದ್ಯುತ್ತಿನ ಮೂಲ ನಿಯಮವನ್ನು ತಿದ್ದುವ ಅಗತ್ಯವಿಲ್ಲ. ಉಷ್ಣಾಂಶ ಏರಿದ ಲೋಹ ಹಿಗ್ಗುತ್ತದೆ ಎಂಬ, ಶಾಲೆಯ ಮಕ್ಕಳೂ ಬಲ್ಲ ಸಂಗತಿಯೇ ಇಲ್ಲಿ ಬಹುಪಾಲು ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ತಂತಿಯ ಎರಡೂ ತುದಿಗಳನ್ನು ಅಲುಗದಂತೆ ಹಿಡಿದು ಅದನ್ನು 100 ಡಿಗ್ರಿಯಷ್ಟು ಕಾಯಿಸಿದರೆ, ಹಿಗ್ಗಲು ಜಾಗವಿಲ್ಲದೆ ಅದರೊಳಗೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 16 ಕಿಲೋಗ್ರಾಂ ಭಾರದಷ್ಟು ಒತ್ತಡ ಹುಟ್ಟುತ್ತದೆ. ಲೈನಿಗೆ ಬಳಸುವ ಗಟ್ಟಿ ಅಲ್ಯೂಮಿನಿಯಂ ತಣ್ಣಗಿರುವಾಗ ಎಳೆತಕ್ಕೆ ಹರಿಯುವುದು ಹೆಚ್ಚುಕಡಿಮೆ ಅದೇ ಭಾರಕ್ಕೆ.

ನಿಧಾನವಾಗಿ ಕಾದರೆ ತಂತಿ ಜೋತುಬಿದ್ದು ಒತ್ತಡ ಸಡಿಲವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಲೈನುಗಳು ಕೆಳಗಿಳಿದಂತೆ ಕಾಣುವುದು ಅದಕ್ಕೇ. ಪಲ್ಸ್ ಹರಿದಾಗ ಅದಕ್ಕೆ ಹೊತ್ತು ಸಿಗುವುದಿಲ್ಲ. ಅಲ್ಯೂಮಿನಿಯಂ ತಂತಿಯಲ್ಲಿ ಯಾವುದೇ ಒತ್ತಡದ ಸುದ್ದಿ ಶಬ್ದದ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 5,000 ಮೀಟರಿನಂತೆ ಸಾಗುತ್ತದೆ. ಸಿಡಿಲಿನ ಪಲ್ಸ್ ಮುಗಿಯುವ ಹೊತ್ತಿಗೆ ಆ ಸುದ್ದಿ ತಂತಿಯ ತುದಿಯಿಂದ ಒಳಕ್ಕೆ ಅರ್ಧ ಮೀಟರ್ ಬಂದಿರುತ್ತದೆ ಅಷ್ಟೆ. ಹತ್ತು ಮೀಟರ್ ಉದ್ದದ ಬಟ್ಟೆ ತಂತಿಯ ನಡುಭಾಗಕ್ಕೆ ತನ್ನ ತುದಿಗಳು ಎಲ್ಲಿ ಕಟ್ಟಿವೆ ಎಂಬುದೇ ಇನ್ನೂ ಗೊತ್ತಿಲ್ಲ. ಹಿಗ್ಗಬೇಕಾದ ಲೋಹವನ್ನು ಅಕ್ಕಪಕ್ಕದ ಲೋಹದ ಜಡತ್ವವೇ ಹಿಡಿದಿಡುತ್ತದೆ, ಇಡೀ ತಂತಿ ಒಳಗೊಳಗೇ ಒತ್ತಲ್ಪಟ್ಟು ನಿಲ್ಲುತ್ತದೆ. ಆಮೇಲೆ ತುದಿಗಳಿಂದ, ಗಂಟುಗಳಿಂದ, ದಪ್ಪ ಬದಲಾಗುವ ಜಾಗಗಳಿಂದ ಬಿಡುಗಡೆಯ ಅಲೆಗಳು ಒಳಕ್ಕೆ ಓಡುತ್ತವೆ. ಅವು ಎದುರುಬದುರಾದಲ್ಲಿ ಒತ್ತಡವಿದ್ದದ್ದು ಎಳೆತವಾಗಿ ತಿರುಗುತ್ತದೆ. ಲೋಹ ಒತ್ತಡವನ್ನು ತಡೆದುಕೊಂಡಷ್ಟು ಸುಲಭವಾಗಿ, ಅದೂ ಕಾದು ಮೆತ್ತಗಾಗಿರುವಾಗ, ಎಳೆತವನ್ನು ತಡೆದುಕೊಳ್ಳಲಾರದು.

ಉದ್ದುದ್ದದ ಈ ಅಲೆಗಳಷ್ಟೇ ಸಾಲುವುದಿಲ್ಲ, ಅವುಗಳಿಂದ ಹುಟ್ಟುವ ಎಳೆತ ಪ್ರಯೋಗಗಳಲ್ಲಿ ಕಂಡ ಮುರಿತಕ್ಕೆ ಕಡಿಮೆ ಬೀಳುತ್ತದೆ ಎಂಬ ಆಕ್ಷೇಪವೂ ಬಂತು. ಅದು ತೂಕವುಳ್ಳ ಆಕ್ಷೇಪವೇ. ಬ್ರಿಟನ್ನಿನಲ್ಲಿ ಸೆರ್ಗೈ ಮೊಲೊಕೊವ್ ಮತ್ತು ಜಾನ್ ಆಲನ್ 1992ರಿಂದ ಈ ಪ್ರಶ್ನೆಯ ಹಿಂದೆ ಬಿದ್ದರು. ಆ ಸಾಲಿನ ಕೆಲಸದಲ್ಲಿ ಒತ್ತು ಬಿದ್ದದ್ದು ತಂತಿಯ ಬಾಗುವಿಕೆಯ ಮೇಲೆ. ತೆಳುವಾದ ತಂತಿ ಒತ್ತಡಕ್ಕೆ ಎಷ್ಟು ಬೇಗ ಸೋಲುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ: 1.2 ಮಿ.ಮೀ. ದಪ್ಪದ, 1 ಮೀಟರ್ ಉದ್ದದ ಅಲ್ಯೂಮಿನಿಯಂ ತಂತಿಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದು ಉದ್ದಕ್ಕೆ ಒತ್ತಿದರೆ, 30 ಗ್ರಾಂ ತೂಕದಷ್ಟು ಬಲಕ್ಕೇ ಅದು ಬಿಲ್ಲಿನಂತೆ ಬಾಗುತ್ತದೆ. ಕಾವಿನಿಂದ ಹುಟ್ಟುವ ಒತ್ತಡ ಅದರ ನೂರಾರು ಪಟ್ಟು. ಒಮ್ಮೆಲೇ ಅಷ್ಟು ಒತ್ತಡ ಬಿದ್ದಾಗ ಇಡೀ ತಂತಿ ಒಂದೇ ದೊಡ್ಡ ಬಿಲ್ಲಾಗಿ ಬಾಗಲು ಹೊತ್ತು ಸಾಲದು. ಅದು ಸಣ್ಣ ಸಣ್ಣ ಅಲೆಗಳಾಗಿ, ಹಾವು ಹರಿದಂತೆ, ಅನೇಕ ಕಡೆ ಏಕಕಾಲಕ್ಕೆ ಬಾಗುತ್ತದೆ. ಬಾಗಿದ ಪ್ರತಿಯೊಂದು ತಿರುವಿನ ಹೊರಮೈ ಎಳೆತಕ್ಕೆ ಸಿಕ್ಕಿರುತ್ತದೆ. ಪ್ರವಾಹದ ಕಾಂತಬಲವೂ ತಿರುವನ್ನು ಇನ್ನಷ್ಟು ಹೊರಕ್ಕೆ ದೂಡುತ್ತದೆ. ಹಲವು ತಿರುವುಗಳಲ್ಲಿ ಒಟ್ಟಿಗೇ ಮುರಿದ ತಂತಿ ಹಲವು ತುಂಡುಗಳಾಗುವುದು ಏಕೆಂಬುದಕ್ಕೆ ನನಗೆ ಇದಕ್ಕಿಂತ ಒಪ್ಪುವ ವಿವರಣೆ ಸಿಕ್ಕಿಲ್ಲ. ಅಂಗಳದಲ್ಲಿ ಸಿಕ್ಕ ತುಂಡುಗಳಲ್ಲಿ ಹೆಚ್ಚಿನವು ನೆಟ್ಟಗಿರದೆ ಸ್ವಲ್ಪ ಸೊಟ್ಟಗಿದ್ದವು. ಆ ದಿನ ಅದು ಬಿದ್ದ ಪೆಟ್ಟಿನಿಂದ ಆದದ್ದೆಂದು ತಿಳಿದಿದ್ದೆ.

ಕಾಂತಬಲ ತಂತಿಯನ್ನು ಸುತ್ತಲಿಂದಲೂ ಒಳಕ್ಕೆ ಹಿಂಡುತ್ತದೆ ಎಂಬುದನ್ನೂ ಇಲ್ಲಿ ತೂಗಿ ನೋಡಬೇಕು. ಅದೇ 1.2 ಮಿ.ಮೀ. ತಂತಿಯಲ್ಲಿ 5,000 ಆಂಪಿಯರ್ ಹರಿದರೆ ಆ ಹಿಂಡುವಿಕೆ ಪ್ರತಿ ಚದರ ಮಿಲಿಮೀಟರಿಗೆ 110 ಗ್ರಾಂ ಮಾತ್ರ, ಲೆಕ್ಕಕ್ಕೆ ಬಾರದಷ್ಟು. ಆದರೆ ಅದು ಪ್ರವಾಹದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 2.59 ಮಿ.ಮೀ. ಎಳೆಯಲ್ಲಿ 80,000 ಆಂಪಿಯರ್ ಹರಿದಾಗ ಅದು ಚದರ ಮಿಲಿಮೀಟರಿಗೆ 6 ಕಿಲೋಗ್ರಾಂ ದಾಟುತ್ತದೆ. ಪ್ರಯೋಗಾಲಯದಲ್ಲಿ ಬದಿಗಿಡಬಹುದಾದ ಬಲ ಸಿಡಿಲಿನಲ್ಲಿ ಪಾಲುದಾರನಾಗುತ್ತದೆ. ಲೋಹ ಕರಗಿ ದ್ರವವಾದ ಮೇಲಂತೂ ಇದೇ ಹಿಂಡುವಿಕೆ ಅದನ್ನು ಅಲ್ಲಲ್ಲಿ ಸೊಂಟದಂತೆ ಕಿರಿದಾಗಿಸಿ, ಕಿರಿದಾದಲ್ಲಿ ಬಲ ಇನ್ನೂ ಹೆಚ್ಚಿ, ಮಣಿಸರದಂತೆ ಕತ್ತರಿಸಿಹಾಕುತ್ತದೆ.

ಪಲ್ಸ್ ಇನ್ನೂ ಬಲವಾಗಿ, ಇನ್ನೂ ಚುಟುಕಾಗಿ ಬಂದರೆ ಮುರಿಯುವುದಕ್ಕೂ ಹೊತ್ತಿಲ್ಲದೆ ತಂತಿ ಆವಿಯಾಗಿ ಸ್ಫೋಟಿಸುತ್ತದೆ. ಒಂದು ಗ್ರಾಂ ತಾಮ್ರವನ್ನು ಕರಗುವ ಉಷ್ಣಾಂಶದಲ್ಲಿ ದ್ರವವಾಗಿಸಲು 205 ಜೂಲ್ ಸಾಕಾದರೆ, ಕುದಿಯುವ ದ್ರವವನ್ನು ಆವಿಯಾಗಿಸಲು 4,700 ಜೂಲ್‌ಗಳಷ್ಟು ಬೇಕು. 1944ರಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ಲೂಯಿಸ್ ಆಲ್ವರೆಜ್ ಮತ್ತು ಲಾರೆನ್ಸ್ ಜಾನ್ಸ್ಟನ್ ರೂಪಿಸಿದ ಸಿಡಿತಂತಿಯ ಡಿಟೊನೇಟರ್ (ಸ್ಫೋಟಕವನ್ನು ಸಿಡಿಸುವ ಸಾಧನ) ಈ ಗುಣದ ಮೇಲೆಯೇ ನಿಂತಿತ್ತು. ತೋಟದ ತಂತಿಗಳಲ್ಲಿ ಹೀಗಾಗುವುದು ಟಿವಿ ಕೇಬಲ್ಲಿನ ಜಾಲರಿ, ಟೆಲಿಫೋನ್ ತಂತಿಯಂಥ ಕೂದಲೆಳೆಯ ತಂತಿಗಳಿಗೆ ಮಾತ್ರ. ಗೋಡೆಯ ಮೇಲೆ ಕಪ್ಪು ಗೆರೆ ಉಳಿದು ತಂತಿಯೇ ಕಾಣೆಯಾಗಿದ್ದನ್ನು ನೋಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಕಂಬದ ಮೇಲಿನ ಲೈನು, ಬೇಲಿಯ ತಂತಿ

ಹಾಗಾದರೆ 11 ಕೆ.ವಿ. (11,000 ವೋಲ್ಟ್) ಲೈನು ಸಿಡಿಲಿಗೆ ಏಕೆ ತುಂಡಾಗುತ್ತದೆ? ವೀಸೆಲ್ ತಂತಿಯ ಆರು ಅಲ್ಯೂಮಿನಿಯಂ ಎಳೆಗಳು ಸೇರಿ 31 ಚದರ ಮಿಲಿಮೀಟರಿಗೂ ಹೆಚ್ಚು. ಅದನ್ನು ಕರಗಿಸಲು ಐ ಸ್ಕ್ವೇರ್ ಟಿ ಮೊತ್ತ 2.5 ಕೋಟಿ ದಾಟಬೇಕು. ದೊಡ್ಡ ಸಿಡಿಲಿನಲ್ಲೂ ಅದು ಬೆಚ್ಚಗಾಗುತ್ತದೆ ಅಷ್ಟೆ. ಇಲ್ಲಿ ಸಿಡಿಲು ದಾರಿ ತೆರೆದುಕೊಟ್ಟು ಹೋಗುತ್ತದೆ, ಹಾನಿ ಮಾಡುವುದು ಲೈನಿನದೇ ಕರೆಂಟು. ಸಿಡಿಲಿನ ವೋಲ್ಟೇಜಿಗೆ ಪಿಂಗಾಣಿ ಇನ್ಸುಲೇಟರಿನ ಮೇಲೆ ಕಿಡಿ ಹಾರಿ ಗಾಳಿ ಕಾದು ವಾಹಕವಾಗುತ್ತದೆ. ಸಿಡಿಲು ಮುಗಿದ ಮೇಲೂ ಅದೇ ದಾರಿಯಲ್ಲಿ ಲೈನಿನ ಕರೆಂಟು ಆರ್ಕ್ (ಕಾದ ಗಾಳಿಯ ಮೂಲಕ ಉರಿಯುತ್ತಲೇ ಇರುವ ಕಿಡಿ) ಆಗಿ ಹರಿಯುತ್ತಲೇ ಇರುತ್ತದೆ, ಸಬ್‌ಸ್ಟೇಷನ್ನಿನ ಬ್ರೇಕರ್ ಬೀಳುವವರೆಗೆ. ಆರ್ಕ್ ತಂತಿಯನ್ನು ಮುಟ್ಟುವ ಬಿಂದುವಿನಲ್ಲಿ ಕಾವು ಒಂದೇ ಕಡೆ ಸುರಿಯುತ್ತದೆ. 1,000 ಆಂಪಿಯರ್‌ನ ಆರ್ಕ್ ಸೆಕೆಂಡಿನ ಮೂರನೆಯ ಒಂದು ಭಾಗ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕೆಲವು ಸಾವಿರ ಜೂಲ್ ಸುರಿಯುತ್ತದೆ. ಒಂದು ಗ್ರಾಂ ಅಲ್ಯೂಮಿನಿಯಂ ಕರಗಲು ಸುಮಾರು 1,000 ಜೂಲ್ ಸಾಕು. ಒಂದು ಎಳೆಯ ಒಂದು ಸೆಂಟಿಮೀಟರ್ ಉದ್ದದ ತುಣುಕು ತೂಗುವುದು ಗ್ರಾಮಿನ ಏಳನೆಯ ಒಂದು ಭಾಗ ಮಾತ್ರ. ಎರಡು ಮೂರು ಎಳೆಗಳು ಅಲ್ಲೇ ಕಡಿದುಹೋಗುತ್ತವೆ. ಉಳಿದ ಎಳೆಗಳು ಆ ಸಂಜೆ ಲೈನನ್ನು ಹೊತ್ತು ನಿಲ್ಲುತ್ತವೆ. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಗಾಳಿಗೆ ಕೊಂಬೆಯೊಂದು ಒರಗಿದಾಗ ಗಾಯವಾದ ಜಾಗದಲ್ಲಿಯೇ ತಂತಿ ಹರಿಯುತ್ತದೆ, ಕಾರಣದ ಕಾಲಂನಲ್ಲಿ ಮರ ಬಿತ್ತು ಎಂದು ಬರೆಯಲಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರಿನಲ್ಲಿ ಕೊಡಗಿನಲ್ಲಿ ಮಳೆ ಎಷ್ಟು ಜೋರೋ ಸಿಡಿಲು ಅಷ್ಟು ಕಡಿಮೆ; ಸಿಡಿಲಿನ ಕಾಲ ಬೇಸಿಗೆಯ ಕೊನೆ ಮತ್ತು ಹಿಂಗಾರು. ಮುಂಗಾರಿನಲ್ಲಿ ಬಿದ್ದ ತಂತಿಗೆ ಏಪ್ರಿಲ್ ತಿಂಗಳ ಗಾಯವಿರಬಹುದು ಎಂಬುದನ್ನು ಮರೆಯಬಾರದು.

ಕಾಡು, ತೋಟಗಳ ನಡುವೆ ಹಾದುಹೋಗುವ ಲೈನುಗಳಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಹಾಕಬೇಕೆಂಬ ಮಾತು ಈಗ ಆಗಾಗ ಕೇಳಿಬರುತ್ತದೆ. ಕೊಂಬೆ ತಾಗಿದರೂ ಕರೆಂಟು ಹೋಗದು, ಆನೆಗಳಿಗೂ ಅಪಾಯ ತಗ್ಗುತ್ತದೆ, ಒಳ್ಳೆಯ ಮಾತೇ. ಆದರೆ ಸಿಡಿಲಿನ ವಿಷಯದಲ್ಲಿ ಹೊದಿಕೆ ಒಂದು ಹೊಸ ಕಷ್ಟ ತರುತ್ತದೆ. ಬರಿಯ ತಂತಿಯ ಮೇಲೆ ಆರ್ಕಿನ ಬುಡ ಒಂದೇ ಕಡೆ ನಿಲ್ಲದೆ ಕಾಂತಬಲದ ದೂಡುವಿಕೆಗೆ ಜಾರುತ್ತಾ ಹೋಗುತ್ತದೆ, ಕಾವು ಹಂಚಿಹೋಗುತ್ತದೆ. ಹೊದಿಕೆ ಇದ್ದಾಗ ಸಿಡಿಲು ಅದರಲ್ಲಿ ಕೊರೆದ ಸೂಜಿಮೊನೆಯಷ್ಟು ತೂತಿನಲ್ಲೇ ಆರ್ಕ್ ಸಿಕ್ಕಿಬೀಳುತ್ತದೆ, ತಂತಿ ಅಲ್ಲೇ ಕಡಿಯುತ್ತದೆ. ಇದು ಬೇರೆ ದೇಶಗಳಲ್ಲಿ ಹೊದಿಕೆಯ ತಂತಿ ಎಳೆದವರೆಲ್ಲ ಎದುರಿಸಿದ ಸಮಸ್ಯೆ. ಸಿಡಿಲಿನ ಪ್ರವಾಹವನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್‌ಗಳನ್ನೋ ಆರ್ಕನ್ನು ತನ್ನೆಡೆಗೆ ಸೆಳೆದುಕೊಳ್ಳುವ ಕೊಂಬುಗಳನ್ನೋ ಜೊತೆಗೆ ಹಾಕದೆ ಹೊದಿಕೆಯ ತಂತಿಯನ್ನಷ್ಟೇ ಎಳೆದರೆ, ಮುಂಗಾರಿನ ತೊಂದರೆ ಕಡಿಮೆಯಾಗಿ ಹೂಮಳೆಯ ತೊಂದರೆ ಹೆಚ್ಚಾಗುತ್ತದೆ. ಟೆಂಡರ್ ಬರೆಯುವ ಹೊತ್ತಿನಲ್ಲಿಯೇ ಈ ಎರಡನ್ನೂ ಒಟ್ಟಿಗೆ ಬರೆಯಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ.

ಆನೆ ಬೇಲಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಬೇರೆಯೇ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ ಪಲ್ಸ್ ಬಿಡುವುದರಿಂದ ತಂತಿ ಒಳಗೊಳಗೇ ಸವೆದು ಕಡಿಯುತ್ತದೆ ಎಂದು ನಂಬಿದವರಿದ್ದಾರೆ. ಅದರ ಪ್ರತಿ ಪಲ್ಸಿನಲ್ಲಿರುವ ಶಕ್ತಿಗೆ ಸುರಕ್ಷತಾ ಮಾನದಂಡ ಹಾಕಿರುವ ಮಿತಿ 5 ಜೂಲ್. ಆ ಐದೂ ಜೂಲ್ 2.5 ಮಿ.ಮೀ. ದಪ್ಪದ 100 ಮೀಟರ್ ಉದ್ದದ ಕಬ್ಬಿಣದ ತಂತಿಯನ್ನು ಕಾಯಿಸಿದರೂ ಅದರ ಉಷ್ಣಾಂಶ ಏರುವುದು ಒಂದು ಡಿಗ್ರಿಯ ಸಾವಿರದ ಮೂರು ಭಾಗದಷ್ಟು. ವೋಲ್ಟೇಜ್ ಎಷ್ಟಿದ್ದರೂ ತಂತಿಯನ್ನು ಮುರಿಯುವ ಪ್ರವಾಹ ಅಲ್ಲಿಲ್ಲ. ಅದೇ ತಂತಿಗೆ ನಡುಮಟ್ಟದ ಸಿಡಿಲು ಬಡಿದರೆ ಅದು ನೂರು ಡಿಗ್ರಿಯಷ್ಟು ಏರುತ್ತದೆ; ದೊಡ್ಡದು ಬಡಿದರೆ ಕೆಂಪಗೆ ಕಾಯುವುದರ ಆಚೆಗೂ ಹೋಗುತ್ತದೆ. ತುಕ್ಕು ಹಿಡಿದು ಅರ್ಧ ಸವೆದ ಜಾಗದಲ್ಲಿ, ಪ್ಲೈಯರಿನಿಂದ ತಿರುಚಿ ಕಟ್ಟಿದ ಗಂಟಿನಲ್ಲಿ, ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾದರೆ ಕಾವು ನಾಲ್ಕು ಪಟ್ಟು ಎಂಬ ಹಳೆಯ ಲೆಕ್ಕವೇ ಕೆಲಸ ಮಾಡುತ್ತದೆ. ಬೇಲಿ ಯಾವಾಗಲೂ ಗಂಟಿನಲ್ಲೇ ಕಡಿಯುತ್ತದೆ ಎಂದು ತೋಟದ ಕೆಲಸದವರು ಹೇಳುವುದು ಅನುಭವದ ಮಾತು, ಅದಕ್ಕೆ ಲೆಕ್ಕದ ಬೆಂಬಲವೂ ಇದೆ.

ತುದಿಯನ್ನು ನೋಡುವುದು

ಇಷ್ಟು ತಿಳಿದ ಮೇಲೆ, ತುಂಡಾದ ತಂತಿಯ ತುದಿಯನ್ನು ಸುಮ್ಮನೆ ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕೊಂಬೆಯ ಭಾರಕ್ಕೆ ಎಳೆದು ಹರಿದ ಎಳೆಯ ತುದಿ ಕಿರಿದಾಗಿ, ಪೆನ್ಸಿಲ್ ಮೊನೆಯ ಹಾಗೆ ಜಗ್ಗಿರುತ್ತದೆ. ಗಾಳಿಯಲ್ಲಿ ವರ್ಷಗಟ್ಟಲೆ ನಡುಗಿ ದಣಿದು ಮುರಿದದ್ದು ಹೆಚ್ಚಾಗಿ ಕ್ಲಾಂಪಿನ ಪಕ್ಕದಲ್ಲೇ, ಜಗ್ಗದೆ, ಚಪ್ಪಟೆಯಾಗಿ ಮುರಿದಿರುತ್ತದೆ. ಆರ್ಕಿಗೆ ಕಡಿದದ್ದರಲ್ಲಿ ಕರಗಿದ ಗುಂಡು, ಅಕ್ಕಪಕ್ಕ ಚಿಮ್ಮಿದ ಹನಿಗಳು ಕಾಣುತ್ತವೆ. ಪಲ್ಸಿನ ಆಘಾತಕ್ಕೆ ಮುರಿದದ್ದರಲ್ಲಿ ಒಂದೇ ಮುರಿತ ಇರುವುದು ಅಪರೂಪ; ಒಂದೇ ತಂತಿ ಹಲವು ಕಡೆ ಮುರಿದು, ತುಂಡುಗಳು ಸ್ವಲ್ಪ ಬಾಗಿ, ತುದಿಗಳು ಒರಟಾಗಿ ಉಳಿಯುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕರೆಂಟು ಹರಿಯುತ್ತಿರುವಾಗ ತಂತಿ ಯಾವ ಕಾರಣಕ್ಕೆ ಮುರಿದರೂ ಬೇರ್ಪಡುವ ಕ್ಷಣದಲ್ಲಿ ತುದಿಗಳ ನಡುವೆ ಕಿಡಿ ಏಳುತ್ತದೆ, ಸ್ವಲ್ಪ ಲೋಹ ಕರಗುತ್ತದೆ. ಹಾಗಾಗಿ ಒಂದು ಸಣ್ಣ ಗುಂಡನ್ನು ನೋಡಿ ಇಡೀ ಕಾರಣವನ್ನು ಸಿಡಿಲಿಗೆ ಕಟ್ಟಲಾಗದು. ಗುಂಡಿನ ಹಿಂದೆ ತಂತಿ ಜಗ್ಗಿದೆಯೇ, ಎಳೆಗಳೆಲ್ಲ ಒಂದೇ ಬಗೆಯಲ್ಲಿ ಮುರಿದಿವೆಯೇ ಎಂದು ನೋಡಬೇಕು. ಆರು ಎಳೆಗಳಲ್ಲಿ ಎರಡು ಕರಗಿ, ಉಳಿದವು ಜಗ್ಗಿ ಹರಿದಿದ್ದರೆ ಏಪ್ರಿಲ್ ತಿಂಗಳ ಗಾಯ ಮತ್ತು ಜುಲೈ ತಿಂಗಳ ಕೊಂಬೆ ಎರಡೂ ಅಲ್ಲಿ ಒಟ್ಟಿಗೆ ಸಿಕ್ಕಂತಾಯಿತು.

ಲೈನಿನ ತಂತಿ ಬಿದ್ದಿದ್ದರೆ ಇದನ್ನೆಲ್ಲ ನೋಡುವುದು ಲೈನ್‌ಮ್ಯಾನ್ ಬಂದು ಕರೆಂಟು ಇಲ್ಲವೆಂದು ಖಚಿತಪಡಿಸಿ, ಅರ್ಥ್ ಮಾಡಿದ ಮೇಲೆಯೇ. ಅದುವರೆಗೆ ದೂರ ನಿಂತು 1912ಕ್ಕೆ ಫೋನ್ ಮಾಡಬೇಕು. ಮಳೆಗೆ ನೆನೆದ ನೆಲದಲ್ಲಿ ಬಿದ್ದ ತಂತಿಯ ಸುತ್ತಲಿನ ಮಣ್ಣಿನಲ್ಲೂ ವೋಲ್ಟೇಜ್ ಹರಡಿರುತ್ತದೆ, ಹತ್ತಿರ ಹೋಗಿ ಕಾಲು ಅಗಲಿಸಿ ನಿಂತರೂ ಸಾಕು, ಜೀವಕ್ಕೆ ಅಪಾಯ. ಮಾವ ಅಂದು ಆರಿಸಿದ ತುಂಡುಗಳನ್ನು ಒಂದು ಕಾಫಿ ಚೀಲದಲ್ಲಿ ಹಾಕಿ, ದಿನಾಂಕ, ಮರದಿಂದ ಒಂದೊಂದು ತುಂಡು ಎಷ್ಟು ಹೆಜ್ಜೆ ದೂರದಲ್ಲಿ ಬಿದ್ದಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಇಟ್ಟಿದ್ದಾರೆ. ಕಂಬ ಹತ್ತಿ ತಂತಿ ಜೋಡಿಸುವವರು ತಾವು ಕತ್ತರಿಸಿ ಬಿಸಾಡುವ ಆ ಗೇಣುದ್ದದ ತುದಿಗೆ ಇಂಥದೇ ಒಂದು ಚೀಟಿ ಕಟ್ಟಿ ಕಚೇರಿಗೆ ಒಯ್ದರೆ, ಯಾವ ಫೀಡರಿಗೆ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನಿಗೆ) ಅರೆಸ್ಟರ್ ಬೇಕು, ಯಾವ ಫೀಡರಿನಲ್ಲಿ ಮರ ಸವರಿದರೆ ಸಾಕು ಎಂಬುದನ್ನು ಎರಡು ವರ್ಷಗಳ ಚೀಟಿಗಳಿಂದಲೇ ಹೇಳಬಹುದು.